ಎರಡೂವರೆಗೆ ಮಧ್ಯಾಹ್ನ

ಸ್ಪೇನಿನ ಸಾಲಮಾಂಕಾದಲ್ಲಿ ಯಾರನ್ನಾದರೂ ಕಾಣಬೇಕಿದ್ದರೆ ವಿಳಾಸ ಬೇಕಿಲ್ಲ. ‘ಗಡಿಯಾರದ ಕೆಳಗೆ’ ಅಂದರೆ ಸಾಕು. ಪ್ಲಾಸಾ ಮಯೋರ್ ಎಂಬ ದೊಡ್ಡ ಚೌಕದ ಉತ್ತರಕ್ಕೆ ಪುರಸಭೆ, ಅದರ ನೆತ್ತಿಯಲ್ಲಿ ಗಡಿಯಾರ. ಅದರಡಿಯ ಕಮಾನುಗಳಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಯಾರಿಗೋ ಕಾಯುತ್ತ, ಮೊಬೈಲು ತೀಡುತ್ತ ನಿಂತ ಹತ್ತಿಪ್ಪತ್ತು ಹುಡುಗ ಹುಡುಗಿಯರು.

ಈ ಗಡಿಯಾರ ನೋಡಲು ಕಲಿಯುವುದೇ ಇಲ್ಲಿಗೆ ಓದಲು ಬಂದವರ ಮೊದಲ ಪಾಠ. ಮುಳ್ಳು ಒಂದೂವರೆಯಲ್ಲಿದೆ ಅಂದುಕೊಳ್ಳಿ. ಹೊಸದಾಗಿ ಬಂದವಳು ಬೇಕರಿಗೆ ಹೋಗಿ, ಪುಸ್ತಕದಲ್ಲಿ ಕಲಿತಂತೆ ‘ಬುಯೆನಾಸ್ ತಾರ್ದೆಸ್’ ಎಂದು ಮಧ್ಯಾಹ್ನದ ನಮಸ್ಕಾರ ಹೇಳುತ್ತಾಳೆ. ಕೌಂಟರಿನ ಹೆಂಗಸು ನಗುತ್ತ ‘ಬುಯೆನೋಸ್ ದಿಯಾಸ್’ ಎಂದು ಬೆಳಗಿನ ನಮಸ್ಕಾರವನ್ನೇ ವಾಪಸು ಕೊಡುತ್ತಾಳೆ. ಊರಿನವರ ಪಾಲಿಗೆ ಅದಿನ್ನೂ ಬೆಳಗು. ಊಟ ಆಗುವ ತನಕ ಮಧ್ಯಾಹ್ನ ಆಗುವುದಿಲ್ಲ. ಊಟ ಆಗುವುದು ಎರಡೂವರೆಗೆ.

ಇದನ್ನು ಸೋಮಾರಿತನ ಎನ್ನುವವರು ಭೂಪಟ ನೋಡಿರುವುದಿಲ್ಲ. ಸ್ಪೇನ್ ಇರುವುದು ಇಂಗ್ಲೆಂಡಿನ ನೇರ ಕೆಳಗೆ, ಸಾಲಮಾಂಕಾವಂತೂ ಗ್ರೀನಿಚ್ ರೇಖೆಗಿಂತ ಐದೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ. ಆದರೆ 1940ರ ಮಾರ್ಚಿನಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಬರ್ಲಿನ್ನಿನ ಹೊತ್ತಿಗೆ ಸೇರಿಸಿತು. ಎರಡನೆಯ ಮಹಾಯುದ್ಧ ಮುಗಿಯಿತು, ಫ್ರಾಂಕೋ ಹೋದ, ಮುಳ್ಳು ಮಾತ್ರ ಹಿಂದಕ್ಕೆ ಬರಲಿಲ್ಲ. ಅದರ ಮೇಲೆ ಬೇಸಿಗೆಯಲ್ಲಿ ಇನ್ನೊಂದು ಗಂಟೆ ಮುಂದಕ್ಕೆ. ಹಾಗಾಗಿ ಇಲ್ಲಿ ಚಳಿಗಾಲದಲ್ಲಿ ಸೂರ್ಯ ನೆತ್ತಿಗೆ ಬರುವುದು ಒಂದೂಕಾಲರ ಮೇಲೆ, ಬೇಸಿಗೆಯಲ್ಲಿ ಎರಡೂಕಾಲರ ಮೇಲೆ. ಎರಡೂವರೆಗೆ ಉಣ್ಣುವವರು ಹೊತ್ತು ನೆತ್ತಿಗೇರಿದಾಗಲೇ ಉಣ್ಣುತ್ತಿದ್ದಾರೆ. ಸುಳ್ಳು ಹೇಳುತ್ತಿರುವುದು ಗಡಿಯಾರ. ಜೂನ್ ಕೊನೆಯಲ್ಲಿ ರಾತ್ರಿ ಹತ್ತರ ಹತ್ತಿರಕ್ಕೂ ಬೆಳಕಿರುವ ಊರಿನಲ್ಲಿ ಏಳೂವರೆಗೆ ರಾತ್ರಿಯೂಟ ಕೇಳಿದರೆ ಅಡುಗೆಯವನು ಪಾಪ ಎಂಬಂತೆ ನೋಡುತ್ತಾನೆ. ಒಲೆ ಹೊತ್ತುವುದೇ ಎಂಟೂವರೆಯ ಮೇಲೆ.

ಸುಮಾರು ಒಂದೂವರೆ ಲಕ್ಷ ಜನರ ಊರು. ಮ್ಯಾಡ್ರಿಡ್‌ನಿಂದ ಬಸ್ಸಿನಲ್ಲಿ ಎರಡೂವರೆ ಗಂಟೆ. ವಿಶ್ವವಿದ್ಯಾಲಯದಲ್ಲೇ ಸುಮಾರು 30 ಸಾವಿರ ವಿದ್ಯಾರ್ಥಿಗಳು. ಅವರನ್ನು ತೆಗೆದರೆ ಊರಲ್ಲಿ ಉಳಿಯುವುದು ಕಲ್ಲು, ನದಿ ಮತ್ತು ಪಿಂಚಣಿದಾರರು ಎಂದು ಜುಲೈ ಆಗಸ್ಟಿನಲ್ಲಿ ಇಲ್ಲಿದ್ದ ಯಾರಿಗಾದರೂ ಅನಿಸುತ್ತದೆ. 1218ರಲ್ಲಿ ಲಿಯೋನಿನ ರಾಜ ಒಂಬತ್ತನೆಯ ಅಲ್ಫಾನ್ಸೋ ಹುಟ್ಟುಹಾಕಿದ ಈ ವಿದ್ಯಾಪೀಠ, ಸ್ಪೇನಿನಲ್ಲಿ ಇಂದಿಗೂ ನಡೆಯುತ್ತಿರುವವುಗಳಲ್ಲಿ ಅತಿ ಹಳೆಯದು. ಅದರ ಹಳೆಯ ಕಟ್ಟಡದ ಮುಂಭಾಗದ ಕೆತ್ತನೆಯಲ್ಲಿ, ಒಂದು ತಲೆಬುರುಡೆಯ ಮೇಲೆ ಕಪ್ಪೆಯೊಂದು ಕುಳಿತಿದೆ. ಯಾರ ಸಹಾಯವೂ ಇಲ್ಲದೆ ಅದನ್ನು ಹುಡುಕಿದವರು ಪರೀಕ್ಷೆಯಲ್ಲಿ ಪಾಸು ಎಂಬುದು ನಂಬಿಕೆ. ಜನ ಕಪ್ಪೆ ನೋಡುವುದು ಕೆಟ್ಟದ್ದಲ್ಲ, ಕಪ್ಪೆಯೊಂದನ್ನೇ ನೋಡಿ ಹೋಗುವುದು ಕೆಟ್ಟದ್ದು ಎಂಬ ಮಾತು ಇಲ್ಲಿ ಕುಲಪತಿಯಾಗಿದ್ದ ಲೇಖಕ ಉನಾಮುನೋ ಹೆಸರಿನಲ್ಲಿ ಓಡಾಡುತ್ತದೆ. ಪಕ್ಕದ ಹೊಸ ಕೆಥೆಡ್ರಲಿನ ಬಾಗಿಲಲ್ಲಿ ಗಗನಯಾತ್ರಿಯ ಶಿಲ್ಪವಿದೆ. ಅದನ್ನು ಕಂಡು ಹದಿನಾರನೆಯ ಶತಮಾನದವರಿಗೆ ಅಂತರಿಕ್ಷದ ವಿದ್ಯೆ ಗೊತ್ತಿತ್ತು ಎಂದು ವಾಟ್ಸ್ಯಾಪಿನಲ್ಲಿ ಹರಡುವ ಮೊದಲು ಇಷ್ಟು ತಿಳಿದಿರಲಿ: ಅದನ್ನು ಕೆತ್ತಿದ್ದು 1992ರ ಜೀರ್ಣೋದ್ಧಾರದಲ್ಲಿ.

ಇಲ್ಲಿಗೆ ಬರುವ ಕನ್ನಡದ ವಿದ್ಯಾರ್ಥಿಗಳು ಹೆಚ್ಚಿಲ್ಲ. ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ಶಿವಮೊಗ್ಗದ ಕಡೆಯವಳು, ಹೆಸರು ಸ್ಫೂರ್ತಿ, ಸ್ನಾತಕೋತ್ತರ ಓದಿಗೆ ಬಂದಿದ್ದಾಳೆ. ವಿಮಾನ ಇಳಿದ ಒಂದು ತಿಂಗಳೊಳಗೆ ಅವಳು ವಿದೇಶೀಯರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಅದಕ್ಕೆ ಬೆರಳಚ್ಚು ಕೊಡಬೇಕು, ಬೆರಳಚ್ಚಿಗೆ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬೇಕು. ಈ ‘ಥೀತಾ ಪ್ರೇವಿಯಾ’ ಎಂಬ ಎರಡು ಪದಗಳನ್ನು ವಿದೇಶಿ ವಿದ್ಯಾರ್ಥಿಗಳು ನಿದ್ದೆಗಣ್ಣಲ್ಲೂ ಸರಿಯಾಗಿ ಉಚ್ಚರಿಸುತ್ತಾರೆ. ಜಾಲತಾಣದಲ್ಲಿ ಖಾಲಿ ಹೊತ್ತು ಕಾಣಿಸಿದ ಕೂಡಲೇ ಒತ್ತಬೇಕು, ತತ್ಕಾಲ್ ಟಿಕೆಟ್ ತೆಗೆದು ಅಭ್ಯಾಸವಿರುವ ನಮ್ಮವರಿಗೆ ಇದು ಹೊಸತೇನಲ್ಲ. ಮನೆ ವಿಳಾಸವನ್ನು ಪುರಸಭೆಯ ‘ಪದ್ರೋನ್’ ದಾಖಲೆಯಲ್ಲಿ ಬರೆಸುವುದು ಬೇರೆ ಕೆಲಸ. ಮಾರಿಯಾನೋ ಹೋಸೆ ದೆ ಲಾರಾ ಎಂಬ ಪತ್ರಕರ್ತ ಸ್ಪೇನಿನ ಕಚೇರಿಗಳ ಮೇಲೆ 1833ರಲ್ಲೇ ಒಂದು ಲೇಖನ ಬರೆದ. ಅದರ ಹೆಸರು ‘ನಾಳೆ ಬನ್ನಿ’. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನೇ ಸಾಗಹಾಕಿದ ನಾಡಿನವಳಿಗೆ ಈ ತಂತ್ರ ಗೊತ್ತಿಲ್ಲದ್ದೇನಲ್ಲ. ಈ ಸಲ ದೆವ್ವದ ಪಾತ್ರ ತನ್ನದಾಗಿರುವುದಷ್ಟೇ ಹೊಸದು.

ಸರದಿ ಬಂದಾಗ ಗುಮಾಸ್ತೆ ಕೇಳುವ ಮೊದಲ ಪ್ರಶ್ನೆಗೇ ತೊಡಕು. ‘ಎರಡನೆಯ ಮನೆಹೆಸರು?’ ಸ್ಪೇನಿನವರಿಗೆ ಮನೆಹೆಸರು ಎರಡು, ಒಂದು ಅಪ್ಪನದು, ಒಂದು ಅಮ್ಮನದು. ಮದುವೆಯಾದರೂ ಹೆಣ್ಣುಮಕ್ಕಳು ತಮ್ಮದನ್ನು ಬದಲಿಸುವುದಿಲ್ಲ. ನಮ್ಮವಳ ಪಾಸ್‌ಪೋರ್ಟಿನಲ್ಲಿ ಇರುವುದು ಸ್ಫೂರ್ತಿ, ಅದರ ಹಿಂದೆ ಅಪ್ಪನ ಹೆಸರು. ಮೊದಲನೆಯ ಮನೆಹೆಸರೇ ಇಲ್ಲದವಳು ಎರಡನೆಯದನ್ನು ಎಲ್ಲಿಂದ ತರಬೇಕು? ಊರಿನ ಅಕ್ಷರ, ತಾತನ ಅಕ್ಷರ ಎಂದು ನಾವು ಹೆಸರಿನ ಮುಂದೆ ಪೇರಿಸುವ ಇನಿಶಿಯಲ್ಲಿನ ವ್ಯವಹಾರವನ್ನು ಮುರುಕು ಸ್ಪ್ಯಾನಿಷಿನಲ್ಲಿ ವಿವರಿಸುವುದು ಸ್ನಾತಕೋತ್ತರ ಪ್ರಬಂಧಕ್ಕಿಂತ ಕಷ್ಟ. ಕೊನೆಗೆ ಅಪ್ಪನ ಹೆಸರೇ ಮನೆಹೆಸರಾಗಿ ಕೂರುತ್ತದೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಹಾಜರಿಯಲ್ಲಿ ಎಲ್ಲರೂ ಅಪ್ಪನನ್ನೇ ಕೂಗುತ್ತಾರೆ. ಇವಳು ತಿರುಗಿ ನೋಡುವುದನ್ನು ರೂಢಿಸಿಕೊಳ್ಳಬೇಕು.

ಹೆಸರು ಹಿಡಿದು ಕರೆದರೂ ಅದು ‘ಎಸ್ಪೂರ್ತಿ’. ಸ್ಪ್ಯಾನಿಷ್ ನಾಲಗೆ ‘ಸ’ಕಾರದ ಒತ್ತಕ್ಷರದಿಂದ ಪದ ಶುರುಮಾಡಲಾರದು, ಮುಂದೊಂದು ‘ಎ’ ಸೇರಿಸಿಕೊಳ್ಳುತ್ತದೆ. ಸ್ಕೂಲನ್ನು ‘ಇಸ್ಕೂಲು’ ಎನ್ನುವ ನಮ್ಮ ಅಜ್ಜಿಯರನ್ನು ನೆನೆದರೆ ಇದು ಪರಕೀಯವೆನಿಸುವುದಿಲ್ಲ. ಇಂಗ್ಲಿಷಿನ ಜೆ ಅಕ್ಷರ ಇಲ್ಲಿ ಗಂಟಲಿನ ‘ಖ’ ಆದ್ದರಿಂದ ಜಗದೀಶ ‘ಖಗದೀಶ’ನಾಗುತ್ತಾನೆ. ಹಕಾರಕ್ಕೆ ಉಚ್ಚಾರವೇ ಇಲ್ಲದ್ದರಿಂದ ಹರ್ಷ ಬರೀ ‘ಅರ್ಸ’. ಇದರ ಹಿಂದೊಂದು ಸೊಗಸಾದ ಕತೆಯಿದೆ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ‘ಫರೀನಾ’. ಸ್ಪ್ಯಾನಿಷಿನಲ್ಲಿ ಅದು ‘ಹರೀನಾ’ ಆಗಿ, ಹಕಾರವೂ ಸವೆದು ಈಗ ಬಾಯಲ್ಲಿ ‘ಅರೀನಾ’. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಗಿ, ಹಳೇ ಮೈಸೂರಿನ ಹಳ್ಳಿಗಳ ಬಾಯಲ್ಲಿ ‘ಆಲು’ ಆದ ದಾರಿಯೂ ಇದೇ. ಎರಡು ಭಾಷೆಗಳು ಒಂದನ್ನೊಂದು ನೋಡದೆ ಒಂದೇ ಮೆಟ್ಟಿಲು ಇಳಿದಿವೆ.

ಕನ್ನಡ ಬಲ್ಲವರಿಗೆ ಈ ಭಾಷೆಯಲ್ಲಿ ಸಣ್ಣಪುಟ್ಟ ಅನುಕೂಲಗಳಿವೆ. ಅ ಎ ಇ ಒ ಉ, ಸ್ವರಗಳು ಐದೇ, ನಮ್ಮವೇ. ತ, ದ ಹಲ್ಲಿಗೆ ತಾಗುವಂಥವು, ಇಂಗ್ಲಿಷರಂತೆ ತಡವರಿಸಬೇಕಿಲ್ಲ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ, ಜ್ಞಾನದ ಅಡಿಯಲ್ಲಿ ಒತ್ತಾಗಿ ಬಿಟ್ಟರೆ ಜನ್ಮದಲ್ಲಿ ಬಳಸದ ‘ಞ’ ಇಲ್ಲಿ ದಿನವೂ ಬೇಕು. ದೇಶದ ಹೆಸರೇ ‘ಎಸ್ಪಾಞಾ’. ನಾಳೆಗೆ ‘ಮಞಾನಾ’, ಬೆಳಗಿಗೂ ಅದೇ. ಕಾಡುವುದು ರಕಾರ. ‘ಪೆರೋ’ ಎಂದರೆ ಆದರೆ, ನಾಲಗೆ ಗಟ್ಟಿಯಾಗಿ ಕುಣಿದು ‘ಪೆರ್ರೋ’ ಆದರೆ ನಾಯಿ. ಹಳಗನ್ನಡಿಗರ ಬಳಿ ರ, ಱ ಎರಡೂ ಇದ್ದವು, ನಾವು ಒಂದನ್ನು ಕಳೆದುಕೊಂಡೆವು. ಆಂತೋನಿಯೋ ದೆ ನೆಬ್ರಿಹಾ ಸ್ಪ್ಯಾನಿಷ್ ಭಾಷೆಯ ಮೊದಲ ವ್ಯಾಕರಣವನ್ನು ಅಚ್ಚು ಮಾಡಿಸಿದ್ದು 1492ರಲ್ಲಿ, ಇದೇ ಸಾಲಮಾಂಕಾದಲ್ಲಿ. ಆ ಹೊತ್ತಿಗೆ ನಮ್ಮ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದು ಇನ್ನೂರು ವರ್ಷಗಳ ಮೇಲಾಗಿತ್ತು. ಇದನ್ನು ಇಲ್ಲಿನ ಭಾಷಾ ಮೇಷ್ಟರಿಗೆ ಹೇಳಿ ಸ್ವಲ್ಪ ಮೆರೆಯಬಹುದು.

ಆದರೆ ಆ ಮೇಷ್ಟರನ್ನು ಮಾತಾಡಿಸುವುದೇ ಪೀಕಲಾಟ. ನಮ್ಮ ನೀನು-ನೀವು ಥರವೇ ಇಲ್ಲಿ ‘ತು’ ಮತ್ತು ‘ಉಸ್ತೆದ್’ ಇವೆ. ವ್ಯಾಕರಣ ಹಗುರವಾಯಿತು ಎಂದು ಸ್ಫೂರ್ತಿ ಖುಷಿಪಡುವಷ್ಟರಲ್ಲಿ, ಐವತ್ತು ದಾಟಿದ ಪ್ರಾಧ್ಯಾಪಕಿ ತನ್ನನ್ನು ಹೆಸರು ಹಿಡಿದು ‘ತು’ ಎಂದೇ ಕರೆಯಬೇಕು ಎನ್ನುತ್ತಾರೆ. ಗುರುಗಳನ್ನು ಏಕವಚನದಲ್ಲಿ! ಮೊದಲ ತಿಂಗಳೆಲ್ಲ ಅವಳು ಕ್ರಿಯಾಪದವೇ ಬೇಕಿಲ್ಲದ ವಾಕ್ಯಗಳಲ್ಲಿ ಮಾತಾಡಿ ದಿನ ನೂಕುತ್ತಾಳೆ.

ಇನ್ನು ಊಟ. ಸಸ್ಯಾಹಾರಿಯಾದವರಿಗೆ ಸಾಲಮಾಂಕಾ ಸುಲಭದ ಊರಲ್ಲ. ದಕ್ಷಿಣಕ್ಕೆ 50 ಕಿಲೋಮೀಟರ್ ಹೋದರೆ ಹಂದಿಯ ತೊಡೆಯನ್ನು ಉಪ್ಪು ಸವರಿ ವರ್ಷಗಟ್ಟಲೆ ತೂಗುಹಾಕುವ ಗಿಹುವೇಲೋ ಊರು ಇದೆ. ಆ ‘ಹಮೋನ್’ ಇಲ್ಲದ ಬಾರಿಲ್ಲ. ‘ಮಾಂಸ ಬೇಡ’ ಎಂದರೆ ಬಡಿಸುವವನು ತಲೆಯಾಡಿಸಿ ಸಲಾಡು ತರುತ್ತಾನೆ, ಅದರ ಮೇಲೆ ಟ್ಯೂನಾ ಮೀನು. ಮೀನೂ ಬೇಡವೆಂದರೆ ಸೂಪು, ಅದರಲ್ಲಿ ಹಮೋನಿನ ಚೂರು. ಅವನು ಮೋಸ ಮಾಡುತ್ತಿಲ್ಲ. ಆತನ ನಿಘಂಟಿನಲ್ಲಿ ಮಾಂಸವೆಂದರೆ ತಟ್ಟೆ ತುಂಬ ಬರುವ ತುಂಡು. ಹಮೋನ್ ರುಚಿಗೆ, ನಮ್ಮ ಒಗ್ಗರಣೆಯ ಇಂಗಿನಂತೆ. ಕೊನೆಗೆ ಕೈಹಿಡಿಯುವುದು ‘ತೋರ್ತಿಯಾ’, ಆಲೂಗಡ್ಡೆ ಮೊಟ್ಟೆಯ ದಪ್ಪ ಬಿಲ್ಲೆ. ಅದೂ ಮೊಟ್ಟೆ ತಿನ್ನುವವರಿಗೆ. ಹನ್ನೊಂದರ ಬಿಡುವಿನಲ್ಲಿ ಕಾಲೇಜಿನ ಕ್ಯಾಂಟೀನಿನಲ್ಲಿ ಕಾಫಿಯ ಜೊತೆ ಒಂದು ತುಂಡು. ಅದಕ್ಕೆ ಈರುಳ್ಳಿ ಹಾಕಬೇಕೋ ಬೇಡವೋ ಎಂಬ ಬಗ್ಗೆ ಇಡೀ ದೇಶ ಎರಡು ಪಕ್ಷ.

ಅಡುಗೆಮನೆ ಸಿಕ್ಕರೆ ಮಾತೇ ಬೇರೆ. ಊರಿನ ಉತ್ತರದ ಬಯಲು ಲಾ ಅರ್ಮುಞಾ, ಅಲ್ಲಿನ ತಿಳಿಹಸಿರು ಮಸೂರಕ್ಕೆ ಇಡೀ ಸ್ಪೇನಿನಲ್ಲಿ ಹೆಸರಿದೆ. ಸುತ್ತಿನವರು ಅದನ್ನು ಹಂದಿಯ ಸಾಸೇಜು ಹಾಕಿ ಬೇಯಿಸುತ್ತಾರೆ. ಸ್ಫೂರ್ತಿ ಅದನ್ನೇ ನುಣ್ಣಗೆ ಬೇಯಿಸಿ, ಟೊಮೇಟೊ ಹಿಚುಕಿ, ಬೆಳ್ಳುಳ್ಳಿ ಜಜ್ಜಿ ಸಾರು ಮಾಡುತ್ತಾಳೆ. ಹುಣಸೆಹಣ್ಣು ಸಿಗುವುದು ಅಪರೂಪ, ನಿಂಬೆಹುಳಿಯಲ್ಲಿ ತೃಪ್ತಿ. ಮೆಣಸಿನ ಪುಡಿ ಎಂದು ತಂದ ಕೆಂಪು ತಗಡಿನ ಡಬ್ಬಿ ಲಾ ವೆರಾ ಸೀಮೆಯ ‘ಪಿಮೆಂತೋನ್’. ಬ್ಯಾಡಗಿಯಂತೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಆದರೆ ಬ್ಯಾಡಗಿ ಬಿಸಿಲಿನಲ್ಲಿ ಒಣಗಿದರೆ ಇದು ಒಣಗುವುದು ಓಕ್ ಕಟ್ಟಿಗೆಯ ಹೊಗೆಯಲ್ಲಿ. ಆಲಿವ್ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ ಆ ಪುಡಿ ಉದುರಿಸಿದಾಗ ಏಳುವ ವಾಸನೆ ಮಲೆನಾಡಿನ ಸೌದೆ ಒಲೆಯ ಮುಂದೆ ಕೂತ ಹಾಗಿರುತ್ತದೆ. ಅದು ಕೋಣೆಯಿಂದ ಕೋಣೆಗೆ ಹಬ್ಬಿದಂತೆ ಇಟಲಿಯ ಹುಡುಗಿ, ಮೆಕ್ಸಿಕೋದ ಹುಡುಗ ಒಬ್ಬೊಬ್ಬರೇ ಬಾಗಿಲಲ್ಲಿ ಇಣುಕುತ್ತಾರೆ. ಅಕ್ಕಿ ಮಾತ್ರ ಸಹಕರಿಸುವುದಿಲ್ಲ. ವೆಲೆನ್ಸಿಯಾದ ಗುಂಡುಕಾಳಿನ ಅಕ್ಕಿ ಸೋನಾ ಮಸೂರಿಯ ಹಾಗೆ ಉದುರುವ ಜಾತಿಯದಲ್ಲ. ಪೆದ್ರೋಸಿಯೋ ಎಂಬ ಇಲ್ಲಿನದೇ ಪುಟ್ಟ ಕಡಲೆಯಿಂದ ಉಸಲಿ ಚೆನ್ನಾಗಿ ಆಗುತ್ತದೆ.

ಇದೆಲ್ಲ ನಡೆಯುವುದು ‘ಪೀಸೋ ಕೊಂಪಾರ್ತಿದೋ’ದಲ್ಲಿ, ಅಂದರೆ ಹಂಚಿಕೊಂಡ ಮನೆಯಲ್ಲಿ. ಮೂರು ನಾಲ್ಕು ಕೋಣೆ, ಕೋಣೆಗೊಬ್ಬರು, ಅಡುಗೆಮನೆ ಬಚ್ಚಲು ಎಲ್ಲರದೂ. ಮ್ಯಾಡ್ರಿಡ್, ಬಾರ್ಸಿಲೋನಾದ ಬಾಡಿಗೆ ಕೇಳಿ ಬಂದವರಿಗೆ ಇಲ್ಲಿನದು ಅಗ್ಗ. ಎಷ್ಟೋ ಹಳೆಯ ಮನೆಗಳಿಗೆ ಗ್ಯಾಸ್ ಬರುವುದು ಕಿತ್ತಳೆ ಬಣ್ಣದ ಸಿಲಿಂಡರಿನಲ್ಲಿ. ನಮ್ಮದು 14.2 ಕಿಲೋ, ಇದು 12.5. ಲಿಫ್ಟಿಲ್ಲದ ಮೂರನೆಯ ಮಹಡಿಗೆ ಅದನ್ನು ಹೆಗಲ ಮೇಲೆ ಹೊತ್ತು ತರುವ ‘ಬುತನೇರೋ’ ಸ್ಪೇನಿನ ಹಾಸ್ಯಕ್ಕೆಲ್ಲ ಸಿಕ್ಕಿಬಿದ್ದ ಪಾತ್ರ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಊರು, ಜನವರಿಯ ರಾತ್ರಿಗಳು ಸೊನ್ನೆಗಿಂತ ಕೆಳಗಿಳಿಯುತ್ತವೆ. ಬ್ಯೂಟೇನ್ ಅನಿಲ ಆ ಚಳಿಯಲ್ಲಿ ಆವಿಯಾಗಲು ಹಿಂದೇಟು ಹಾಕುತ್ತದೆ. ಬಾಲ್ಕನಿಯಲ್ಲಿ ಸಿಲಿಂಡರಿಟ್ಟ ಮನೆಯಲ್ಲಿ ಸ್ನಾನದ ನಡುವೆ ಬಿಸಿನೀರು ತಣ್ಣಗಾದಾಗ ತಲೆಗೆ ಸೋಪು ಹಚ್ಚಿಕೊಂಡವರ ಪಾಡು ಹೇಳತೀರದು. ಕಟ್ಟಡಕ್ಕೆಲ್ಲ ಒಂದೇ ಬಾಯ್ಲರ್ ಇದ್ದರೆ ಕೋಣೆ ಬೆಚ್ಚಗಾಗುವುದಕ್ಕೂ ಹೊತ್ತು ಗೊತ್ತು. ಕಟ್ಟಡದ ಸಂಘ ನಿಗದಿ ಮಾಡಿದ ಗಂಟೆಗೆ ಕೊಳವೆಗಳು ಟಕಟಕ ಎನ್ನುತ್ತವೆ, ನಿಗದಿಯಾದ ಗಂಟೆಗೆ ತಣ್ಣಗಾಗುತ್ತವೆ. ಆಮೇಲೆ ಓದು ಕಂಬಳಿಯೊಳಗೆ.

ಖರ್ಚಿಗೆ ಕೆಲಸ ಹುಡುಕುವವರಿಗೆ ಈಗ ದಾರಿ ಸ್ವಲ್ಪ ಅಗಲವಾಗಿದೆ. 2022ರ ತಿದ್ದುಪಡಿಯಿಂದ ವಿದ್ಯಾರ್ಥಿಗಳು ವಾರಕ್ಕೆ 30 ಗಂಟೆವರೆಗೆ ದುಡಿಯಬಹುದು. ಭಾಷೆ ಬಾರದವರಿಗೆ ಕೆಲಸ ಸಿಗುವುದು ಬೇರೆ ಮಾತು.

ಪರೀಕ್ಷೆಯ ವಿಷಯಕ್ಕೆ ಬಂದರೆ, ಅಂಕ ಹತ್ತಕ್ಕೆ. ಐದಕ್ಕೆ ಪಾಸು, ಏಳಕ್ಕೆ ‘ನೊತಾಬ್ಲೆ’, ಒಂಬತ್ತಕ್ಕೆ ‘ಸೊಬ್ರೆಸಾಲಿಯೆಂತೆ’. ನೂರಕ್ಕೆ ತೊಂಬತ್ತೆಂಟು ಬಂದರೂ ‘ಉಳಿದೆರಡು ಎಲ್ಲಿ ಹೋಯ್ತು’ ಎಂದು ಕೇಳಿಸಿಕೊಂಡು ಬೆಳೆದ ಹುಡುಗಿಗೆ ಆರೂವರೆ ನೋಡಿ ಕಣ್ಣೀರು ಬರುತ್ತದೆ, ಪಕ್ಕದಲ್ಲಿ ಕೂತ ಸ್ಪೇನಿನ ಹುಡುಗ ಅದೇ ಆರೂವರೆಗೆ ಪಾರ್ಟಿ ಕೊಡುತ್ತಾನೆ. ಪುಸ್ತಕದ ಹುಳುವಿಗೆ ಇಲ್ಲಿನವರು ‘ಎಂಪೊಯೋನ್’ ಎನ್ನುತ್ತಾರೆ, ಮೊಟ್ಟೆಗೆ ಕಾವು ಕೂತವನು ಎಂದರ್ಥ. ನಮ್ಮ ‘ಕುಡುಮಿ’. ಕಾಪಿ ಚೀಟಿಗೆ ‘ಚುಲೇತಾ’, ಅದರ ಇನ್ನೊಂದು ಅರ್ಥ ಮಾಂಸದ ಚಾಪು. ಪರೀಕ್ಷೆ ಹತ್ತಿರವಾದರೆ ಕಾಸಾ ದೆ ಲಾಸ್ ಕೊಂಚಾಸ್‌ನಲ್ಲಿ ಜಾಗ ಹಿಡಿಯಲು ಬೆಳಿಗ್ಗೆಯೇ ಓಡಬೇಕು. ಗೋಡೆಯ ತುಂಬ ಮುನ್ನೂರಕ್ಕೂ ಹೆಚ್ಚು ಕಲ್ಲಿನ ಕಪ್ಪೆಚಿಪ್ಪುಗಳಿರುವ, ಐನೂರು ವರ್ಷದ ಆ ಸಿರಿವಂತರ ಮನೆ ಈಗ ಸಾರ್ವಜನಿಕ ಗ್ರಂಥಾಲಯ.

ಹಿಂದಿನವರ ಪರೀಕ್ಷೆ ನೋಡಿದರೆ ಇದು ಏನೂ ಅಲ್ಲ. ಡಾಕ್ಟರೇಟಿಗೆ ನಿಂತವನು ಹಳೆಯ ಕೆಥೆಡ್ರಲಿನ ಸಾಂತಾ ಬಾರ್ಬರಾ ಗುಡಿಯಲ್ಲಿ, ಬಿಷಪ್ಪನ ಸಮಾಧಿಯ ಶಿಲ್ಪದ ಪಾದಕ್ಕೆ ತನ್ನ ಪಾದ ಚಾಚಿ, ರಾತ್ರಿಯೆಲ್ಲ ಒಬ್ಬನೇ ಕೂತು ಓದಬೇಕಿತ್ತು. ಬೆಳಿಗ್ಗೆ ಪರೀಕ್ಷೆ. ಗೆದ್ದರೆ ಹೆಬ್ಬಾಗಿಲಿನಿಂದ ಹೊರಗೆ, ಸೋತರೆ ಗಾಡಿ ಬಾಗಿಲಿನಿಂದ. ಅಲ್ಲಿ ಊರವರು ಗೇಲಿ ಮಾಡಲು ಕಾದಿರುತ್ತಿದ್ದರು. ಗೆದ್ದವನು ಗೂಳಿಕಾಳಗ ನಡೆಸಿ, ಊರಿಗೆ ಊಟ ಹಾಕಿ, ಗೂಳಿಯ ರಕ್ತ ಬೆರೆಸಿದ ಕೆಂಪು ಬಣ್ಣದಲ್ಲಿ ತನ್ನ ಹೆಸರನ್ನೂ ‘ವಿಕ್ತೋರ್’ ಎಂಬ ಚಿಹ್ನೆಯನ್ನೂ ಗೋಡೆಯ ಮೇಲೆ ಬರೆಸುತ್ತಿದ್ದ. ಜೇನು ಬಣ್ಣದ ವಿಯಾಮಯೋರ್ ಕಲ್ಲಿನ ಮೇಲೆ ಆ ಕೆಂಪು ಇನ್ನೂ ಇದೆ, ಸಂಜೆಯ ಓರೆ ಬಿಸಿಲಿಗೆ ಎದ್ದು ಕಾಣುತ್ತದೆ.

ಬಡ ವಿದ್ಯಾರ್ಥಿಗಳ ಕತೆಯೂ ಇಲ್ಲೇ ಅಡ್ಡಾಡುತ್ತಿದೆ. ಕಪ್ಪು ನಿಲುವಂಗಿ, ಬಣ್ಣದ ರಿಬ್ಬನ್ನು, ಗಿಟಾರು ಹಿಡಿದು ಬಾರಿನಿಂದ ಬಾರಿಗೆ ಹಾಡುತ್ತ ಹೋಗುವ ‘ತುನಾ’ ಮೇಳದವರು ಪ್ರವಾಸಿಗರಿಗೆ ಒಂದು ಫೋಟೋ. ಅವರ ಪೂರ್ವಿಕರು ‘ಸೋಪಿಸ್ತಾ’ಗಳು, ಜೇಬಿನಲ್ಲಿ ಚಮಚ ಇಟ್ಟುಕೊಂಡು ಮಠಗಳ ಬಾಗಿಲಲ್ಲಿ ಒಂದು ಬಟ್ಟಲು ಸೂಪಿಗೆ ನಿಂತು, ಹಾಡಿ ಕಾಸು ಗಿಟ್ಟಿಸಿ ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಉಂಡು ಮೈಸೂರು, ಧಾರವಾಡಗಳಲ್ಲಿ ಓದಿದ ನಮ್ಮ ತಾತಂದಿರು ಅವರ ಗುರುತು ಕೂಡಲೇ ಹಿಡಿಯುತ್ತಿದ್ದರು.

ಹಬ್ಬಗಳಿಗೂ ಇಲ್ಲಿ ವಿದ್ಯಾರ್ಥಿಗಳದೇ ಪಂಚಾಂಗ. ಡಿಸೆಂಬರ್ 31ರ ರಾತ್ರಿ ಹನ್ನೆರಡು ಗಂಟೆ ಹೊಡೆಯುವಾಗ ಒಂದೊಂದು ಹೊಡೆತಕ್ಕೆ ಒಂದೊಂದರಂತೆ ಹನ್ನೆರಡು ದ್ರಾಕ್ಷಿ ನುಂಗುವುದು ಸ್ಪೇನಿನ ಪದ್ಧತಿ. ಆದರೆ ಆ ಹೊತ್ತಿಗೆ ಹುಡುಗರೆಲ್ಲ ರಜೆಗೆ ಊರಿಗೆ ಹೋಗಿರುತ್ತಾರೆ. ಹಾಗಾಗಿ 1999ರಿಂದ ಸಾಲಮಾಂಕಾದಲ್ಲಿ ಹೊಸ ವರ್ಷ ಡಿಸೆಂಬರ್ ನಡುವಿನ ಒಂದು ಗುರುವಾರವೇ ಬಂದುಬಿಡುತ್ತದೆ, ದ್ರಾಕ್ಷಿಯ ಬದಲು ಅಂಟು ಮಿಠಾಯಿ, ಚೌಕದ ತುಂಬ ಸಾವಿರಗಟ್ಟಲೆ ಜನ, ಎಲ್ಲರ ಕಣ್ಣು ಅದೇ ಗಡಿಯಾರದ ಮೇಲೆ. ಈಸ್ಟರ್ ಕಳೆದು ಎಂಟನೆಯ ದಿನದ ಸೋಮವಾರ ಇನ್ನೊಂದು ಹಬ್ಬ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಊರಿನ ವೇಶ್ಯೆಯರನ್ನು ತೋರ್ಮೆಸ್ ನದಿಯಾಚೆ ಕಳಿಸಿ, ಈ ಸೋಮವಾರ ವಿದ್ಯಾರ್ಥಿಗಳು ದೋಣಿಗಳಲ್ಲಿ ಹೋಗಿ ಕರೆತರುತ್ತಿದ್ದರು ಎಂಬುದು ಅದರ ಹಿಂದಿನ ಐತಿಹ್ಯ. ಈಗ ಮನೆಮಂದಿಯೆಲ್ಲ ನದಿ ದಂಡೆಯ ಹುಲ್ಲಿನಲ್ಲಿ ಕೂತು, ಮಾಂಸ ತುಂಬಿದ ‘ಒರ್ನಾಸೋ’ ರೊಟ್ಟಿ ಮುರಿದು ತಿನ್ನುತ್ತಾರೆ. ಸ್ಫೂರ್ತಿ ಅಂಥ ಕಡೆಗೆಲ್ಲ ಡಬ್ಬಿಯಲ್ಲಿ ಚಿತ್ರಾನ್ನ ಒಯ್ಯುತ್ತಾಳೆ.

ಉಳಿದಂತೆ ಮನೆಗೆ ಫೋನು ಮಾಡುವ ಸಮಸ್ಯೆ. ಭಾರತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದು. ಕ್ಲಾಸು ಮುಗಿಸಿ ಎಂಟಕ್ಕೆ ಮನೆಗೆ ಬರುವಾಗ ಶಿವಮೊಗ್ಗದಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ಬೆಳಿಗ್ಗೆ ಮಾಡೋಣವೆಂದರೆ ಇವಳಿಗೆ ಓಟ. ಉಳಿಯುವುದು ಅಂಗಡಿಗಳೆಲ್ಲ ಬಾಗಿಲೆಳೆದುಕೊಂಡು, ಕಿಟಕಿಗಳ ‘ಪೆರ್ಸಿಯಾನಾ’ ಪರದೆಗಳು ಸರ್ರನೆ ಕೆಳಗಿಳಿದು, ಬೀದಿ ಬಿಕೋ ಎನ್ನುವ ಮೂರರಿಂದ ಐದು. ಸಿಯೆಸ್ತಾ ಹೊತ್ತೆಂದು ಪ್ರಪಂಚವೆಲ್ಲ ಹೆಸರಿಟ್ಟಿರುವ ಆ ಗಳಿಗೆಯಲ್ಲಿ ಅವಳು ಮಲಗುವುದಿಲ್ಲ. ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, ವಿಡಿಯೋ ಕಾಲ್ ಹಚ್ಚುತ್ತಾಳೆ. ಅಲ್ಲಿ ಏಳೂವರೆ, ದೇವರ ಮುಂದೆ ದೀಪ ಉರಿಯುತ್ತಿದೆ, ಕುಕ್ಕರ್ ಕೂಗುತ್ತಿದೆ.

‘ಊಟ ಆಯ್ತೇನೇ?’

‘ಈಗ ಆಯ್ತಮ್ಮ.’

‘ಇಷ್ಟು ಬೇಗ ರಾತ್ರಿ ಊಟಾನಾ?’

‘ಇಲ್ಲಮ್ಮಾ, ಮಧ್ಯಾಹ್ನದ್ದು.’